ಗುಳ್ಳೆ ಮೇಷ್ಟ್ರ ಪಂಪು

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಗುಳ್ಳೆ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುವವರಲ್ಲ, ಸ್ಕ್ಯಾನಿಂಗ್ ಮಷೀನುಗಳು ರಕ್ತದ ಓಟವನ್ನು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವವರು. ಅದಕ್ಕೊಂದು ಡಬ್ಬಿ. ಒಳಗೆ ಮಾಂಸದಷ್ಟೇ ಮೆತ್ತನೆಯ ಮುದ್ದೆ, ಮುದ್ದೆಯ ನಡುವೆ ಸಣ್ಣ ಕೊಳವೆ, ಕೊಳವೆಯಲ್ಲಿ ಹುಸಿರಕ್ತ ಓಡಿಸುವ ಪಂಪು. ಪಂಪಿಗೆ ಇಟ್ಟ ವೇಗವನ್ನೇ ಮಷೀನು ತೋರಿಸಿದರೆ ಮಷೀನು ಸರಿ. ಕೊಳವೆಯಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಉಳಿದರೂ ಎಲ್ಲ ತಲೆಕೆಳಗು. ಹಾಗಾಗಿ ಪಂಪನ್ನು ಅರ್ಧ ಗಂಟೆ ನಿಧಾನವಾಗಿ ಓಡಿಸಿ, ಕೊಳವೆಯನ್ನು ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆಗಳನ್ನು ಹೊರಗಟ್ಟುತ್ತಿದ್ದರು. ಯಾರಾದರೂ ಹುಸಿರಕ್ತದ ಬಾಟಲಿ ಅಲುಗಾಡಿಸಿದರೆ ಮುಗಿಯಿತು, ಜನ್ಮ ಜಾಲಾಡಿಬಿಡುತ್ತಿದ್ದರು. ಮುದ್ದೆ ಒಣಗಬಾರದೆಂದು ರಜೆಯ ದಿನವೂ ಬಂದು ನೀರು ಹಾಕುತ್ತಿದ್ದರು.

"ಆ ಡಬ್ಬಿಗೆ ಬಾಯಾರಿದ್ರೆ ನಿಮಗೆ ಮನೇಲಿ ಕೂತೇ ಗೊತ್ತಾಗತ್ತೆ. ನಾನು ಪಕ್ಕದಲ್ಲೇ ಕೂಗಿಕೊಂಡ್ರೂ ಒಂದು ಲೋಟ ನೀರಿಲ್ಲ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಅವರ ಒಬ್ಬಳೇ ಮಗಳು, ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರಾದವಳು, ಎಂಟನೆಯ ತಿಂಗಳಲ್ಲಿ ಅದೇ ಆಸ್ಪತ್ರೆಗೆ ಬಂದಳು. ಹಿಂದಿನ ದಿನದಿಂದ ಮಗು ಅಲುಗಾಡಿರಲಿಲ್ಲ. ಅಳಿಯ ಇನ್ನೂ ದಾರಿಯಲ್ಲಿದ್ದ. ಡಾಕ್ಟರಮ್ಮ ಸ್ಕ್ಯಾನಿಂಗ್ ಮಷೀನಿನ ಸದ್ದು ಪೂರ್ತಿ ಏರಿಸಿ ಬಹಳ ಹೊತ್ತು ಹುಡುಕಿದರು. ಮಗುವಿನ ಎದೆಯಲ್ಲೂ ಹೊಕ್ಕುಳ ಬಳ್ಳಿಯಲ್ಲೂ ರಕ್ತದ ಓಟವಿರಲಿಲ್ಲ, ಸದ್ದಿರಲಿಲ್ಲ.

"ಮಷೀನೇ ಕೆಟ್ಟಿದೆ ಅಪ್ಪಾ" ಎಂದಳು ಮಗಳು, ಅವರ ಕೈ ಬಿಡದೆ. "ನೀನು ನೋಡು. ನೀನು ಹೇಳಿದ್ರೆ ಮಾತ್ರ ನಂಬ್ತೀನಿ."

ಮಷೀನು ಕೆಟ್ಟಿಲ್ಲವೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು; ಅದು ಸರಿಯಿದೆ ಎಂದು ಹಿಂದಿನ ದಿನವಷ್ಟೇ ಸಹಿ ಹಾಕಿದ್ದವರು ಅವರೇ. ಆದರೂ ಡಾಕ್ಟರಮ್ಮ ಬೇಡ ಎನ್ನಲಿಲ್ಲ. ಮಗಳು ಮಲಗಿದ್ದ ಮಂಚಕ್ಕೆ ಪರದೆ ಎಳೆದು ಮೇಷ್ಟ್ರಿಗೆ ಜಾಗ ಮಾಡಿಕೊಟ್ಟರು.

ಮೇಷ್ಟ್ರು ಡಬ್ಬಿ ತಂದಿಟ್ಟು ಪಂಪು ಚಾಲೂ ಮಾಡಿದರು. ಕೊಳವೆಯಲ್ಲಿ ಗುಳ್ಳೆಗಳ ಸಾಲೇ ಹೊರಟಿತು. ಈಗಲೇ ಅಳೆದರೆ ಅಂಕಿ ತಪ್ಪು ಬರುತ್ತದೆ. ಮಷೀನು ಕೆಟ್ಟಿದೆ ಎಂದುಬಿಡಬಹುದು. ಮಗಳು ಇನ್ನೊಂದಿಷ್ಟು ಹೊತ್ತು ತಾಯಿಯಾಗಿರುತ್ತಾಳೆ. ಗುಳ್ಳೆಗಾಗಿ ಊರವರ ಮೇಲೆಲ್ಲ ಹಾರಾಡಿದ ಮನುಷ್ಯ ಈಗ ಗುಳ್ಳೆಯ ಕಾಲು ಹಿಡಿಯುವಂತಾಯಿತು. ಹಾಗೇ ಅಳೆದುಬಿಡಲು ಎರಡು ಸಲ ಕೈ ಮುಂದೆ ಹೋಯಿತು. ಆಮೇಲೆ ಬೆರಳು ತನ್ನ ಪಾಡಿಗೆ ಕೊಳವೆ ತಟ್ಟತೊಡಗಿತು. ದೇವರೇ, ಇದೊಂದು ಸಲ ಈ ಮಷೀನು ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತಲೇ ಅರ್ಧ ಗಂಟೆ ತಟ್ಟಿದರು.

ಅಳೆಯುವಾಗ ಪಂಪನ್ನು ನಾಡಿ ಬಡಿದಂತೆ ಬಿಟ್ಟು ಬಿಟ್ಟು ಓಡಿಸುವುದು ರೂಢಿ. ಹಾಗೇ ಮಾಡಿದರು. ಪಂಪಿಗೆ ಇಟ್ಟದ್ದು ನಲವತ್ತು. ಮಷೀನು ತೋರಿಸಿದ್ದು ನಲವತ್ತು. ಅವರ ಕಣ್ಣು ಆ ಅಂಕಿಯ ಮೇಲೇ ನಿಂತುಬಿಟ್ಟಿತು. ಮಷೀನಿನ ಗುಂಡಿ ತಿರುಗಿಸಿ ಸದ್ದು ತಗ್ಗಿಸಬೇಕೆಂದು ಹೊಳೆಯಲೇ ಇಲ್ಲ.

ಸರ್ರ್, ಸರ್ರ್ ಎಂದು ಹುಸಿರಕ್ತದ ಓಟ ಮಷೀನಿನಿಂದ ಕೋಣೆ ತುಂಬ ಕೇಳಿಸಿತು.

ಆಗ ಬಾಗಿಲು ದಡಾರನೆ ತೆರೆಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಿದ್ದಳು. ಮುಖವೆಲ್ಲ ನಗು, ಕಣ್ಣೆಲ್ಲ ನೀರು.

"ಕೇಳಿಸ್ತು ಕಣ್ರೀ! ಮಗು ಎದೆ ಬಡಿತ, ಅಲ್ಲಿ ಹೊರಗಡೆಗೇ ಕೇಳಿಸ್ತು!"

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

"ಅಮ್ಮಾ" ಎಂದಳು ಮಗಳು ಪರದೆಯ ಹಿಂದಿನಿಂದ. "ಅದು ಅಪ್ಪನ ಪಂಪು."

ಮೇಷ್ಟ್ರು ಕೈ ಚಾಚಿ ಪಂಪು ನಿಲ್ಲಿಸಿದರು.