ಹುಕ್ಕೇರಿಗೋ ಗುವಾಹಟಿಗೋ

ಈ ಊರಿಗೆ ಬಂದ ಮೊದಲ ದಿನ ನಾನು ಉಪವಾಸ ಮಲಗಿದೆ. ಅಡಿಗೆ ಇರಲಿಲ್ಲ ಅಂತಲ್ಲ, ಹೊತ್ತು ಇರಲಿಲ್ಲ. ಡಿಸೆಂಬರ್ ತಿಂಗಳು. ಗೋದಾಮಿನ ಕೀಲಿಕೈಗಳನ್ನು ವಶಕ್ಕೆ ತೆಗೆದುಕೊಂಡು, ಚಹಾ ಕುಡಿದು ಹೊರಗೆ ಬಂದರೆ ಸೂರ್ಯ ಗುಡ್ಡದ ಹಿಂದೆ ಹೋಗಿಬಿಟ್ಟಿದ್ದ. ಗಡಿಯಾರದಲ್ಲಿ ಇನ್ನೂ ನಾಲ್ಕೂವರೆ ಆಗಿರಲಿಲ್ಲ. ಕೈಗಡಿಯಾರ ಕೆಟ್ಟಿದೆ ಎಂದುಕೊಂಡು ಕಿವಿಗೆ ಹಿಡಿದು ಕೇಳಿದೆ. ಪಕ್ಕದಲ್ಲಿದ್ದ ಹವಾಲ್ದಾರ ನಕ್ಕ. "ಮೇಡಂ ಸಾಬ್, ಇಲ್ಲಿ ಸೂರ್ಯನ ಡ್ಯೂಟಿ ಬೇಗ ಮುಗಿಯುತ್ತದೆ" ಎಂದ.

ನಮ್ಮ ಹುಕ್ಕೇರಿಯಲ್ಲಿ ಆ ಹೊತ್ತಿಗೆ ಇನ್ನೂ ಬಿಸಿಲು ಚುರುಗುಟ್ಟುತ್ತಿರುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಜನ ನೆರಳು ಹುಡುಕುತ್ತಿರುತ್ತಾರೆ. ಇದು ದೇಶದ ಪೂರ್ವದ ತುದಿ. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಮಾತ್ರ ಇಲ್ಲಿಗೆ ಮೊದಲು ಬಂದು ಮೊದಲು ಹೋಗುತ್ತಾನೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನಾನು ಸೈನ್ಯ ಸೇರುತ್ತೇನೆ ಎಂದಾಗ ಆಯಿ ಒಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲರೂ ಕೂಗಾಡಿದರು. ಆಯಿ ಎಂದರೆ ನಮ್ಮಪ್ಪನ ತಾಯಿ. ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು, ಅಪ್ಪ ಬೇರೆ ಸಂಸಾರ ಮಾಡಿಕೊಂಡು ನಿಪ್ಪಾಣಿ ಸೇರಿದ. ನನ್ನನ್ನು ಸಾಕಿದ್ದು ಆಯಿ. ಕೂಗಾಟವೆಲ್ಲ ಮುಗಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು.

"ಹೋಗ ನಂದಾ. ಆದ್ರ ಹೊತ್ತ ಮುಳಗಿದ ಮ್ಯಾಲ ಬಾಯಾಗ ಏನೂ ಹಾಕಬ್ಯಾಡ."

ಅಷ್ಟು ಸುಲಭಕ್ಕೆ ಬಿಡುಗಡೆ ಸಿಕ್ಕಿತು ಎಂದು ನಾನು ಹಿಗ್ಗಿದ್ದೆ. ಈ ಗುಡ್ಡಗಾಡಿನಲ್ಲಿ ಅದರ ಭಾರ ಗೊತ್ತಾಯಿತು. ಇಲ್ಲಿ ಮೆಸ್ಸಿನಲ್ಲಿ ಅಧಿಕಾರಿಗಳು ರಾತ್ರಿ ಎಂಟರ ಮೇಲೆ ಕೂಡಿ ಊಟಕ್ಕೆ ಕೂರುವುದು ಪದ್ಧತಿ. ನಾನೂ ಕೂರುತ್ತೇನೆ, ಖಾಲಿ ತಟ್ಟೆಯ ಮುಂದೆ, ನೀರಿನ ಲೋಟವನ್ನೂ ಮುಟ್ಟದೆ. ಮೊದಮೊದಲು ಚೇಷ್ಟೆ ಮಾಡಿದರು, ಆಮೇಲೆ ಅದೂ ಅವರಿಗೆ ಬೇಸರವಾಯಿತು. ಅಡಿಗೆಯವನು ಗಢವಾಲದ ಕಡೆಯವನು, ಒಳ್ಳೆಯ ಮನುಷ್ಯ. ಮಧ್ಯಾಹ್ನ ಮೂರಕ್ಕೇ ನನ್ನ ರಾತ್ರಿಯೂಟ ಮಾಡಿಕೊಡಲು ಶುರು ಮಾಡಿದ. ಊರಿನಿಂದ ಬಂದ ಜೋಳದ ಹಿಟ್ಟು ಕೊಟ್ಟು ರೊಟ್ಟಿ ಬಡಿಯುವುದನ್ನು ಅವನಿಗೆ ಕಲಿಸಿದೆ. ಭೂಪಟದಂಥ ರೊಟ್ಟಿ ಮಾಡುತ್ತಿದ್ದ, ಆದರೂ ಕಣ್ಣುಮುಚ್ಚಿ ತಿಂದರೆ ಊರಿನ ರೊಟ್ಟಿಯೇ. ಈ ಊರಿನಲ್ಲಿ ನಾನು ಗೆದ್ದದ್ದು ಅದೊಂದೇ ಎಂದು ಕಾಣುತ್ತದೆ.

ನನ್ನ ಮನೆಗೆ ಇಲ್ಲಿ ಬಾಶಾ ಎನ್ನುತ್ತಾರೆ. ಬಿದಿರಿನ ಗೋಡೆ, ತಗಡಿನ ಸೂರು. ಮಳೆ ಬಂದರೆ ಒಳಗೆ ಮಾತು ಕೇಳಿಸುವುದಿಲ್ಲ, ಮಾತಾಡಲು ಯಾರೂ ಇರುವುದಿಲ್ಲವಾದ್ದರಿಂದ ನಷ್ಟವೇನೂ ಇಲ್ಲ. ಊರ ಹೆಸರು ಬರೆಯುವಂತಿಲ್ಲ, ಸೈನ್ಯದ ನಿಯಮ. ಸಂತೆಯಲ್ಲಿ ಹುಳಿ ಬಂದ ಬಿದಿರಿನ ಮೊಳಕೆ ಮಾರುತ್ತಾರೆ, ಅದರ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡೆ. ಲಾಯ್ ಎಂಬ ಸಾಸಿವೆ ಸೊಪ್ಪು ಮಾತ್ರ ಹೊಂದಿಕೊಂಡಿತು. ನಮ್ಮ ಪುಂಡಿಪಲ್ಯದ ಹುಳಿ ಅದಕ್ಕಿಲ್ಲ, ಆದರೆ ಹಸಿದವಳಿಗೆ ಅಷ್ಟು ಸಾಕು.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು. ಅರಭಾವಿಯ ಕಾಲೇಜಿನಲ್ಲಿ ತೋಟಗಾರಿಕೆ ಓದಿದವಳು ನಾನು. ಗೋಕಾಕದಲ್ಲಿ ಬಸ್ಸು ಬದಲಿಸಿ, ಎಷ್ಟೋ ಸಲ ನಿಂತುಕೊಂಡೇ ಹೋಗಿ, ಮಾವು ದಾಳಿಂಬೆಗಳ ಕಸಿ ಕಟ್ಟುವುದು ಕಲಿತೆ. ತರಕಾರಿ ಬಲ್ಲವಳು ಎಂದು ಸೈನ್ಯದವರು ನನ್ನನ್ನು ಪಡಿತರ ಸರಬರಾಜಿಗೆ ಹಾಕಿದರು. ತರಕಾರಿ ಸರಿ, ಅಕ್ಕಿ ಬೇಳೆ ಸರಿ. ಆದರೆ ಮೇಲಿನ ಗಡಿಚೌಕಿಗಳಿಗೆ ಮಾಂಸ ಕಳಿಸುವಾಗ ಅದು ಕಾಲಿನ ಮೇಲೆ ನಡೆದು ಹೋಗುತ್ತದೆ. ಜೀವಂತ ಆಡುಗಳ ಹಿಂಡು. ಅವುಗಳ ಬಾಯಿ ಬಿಡಿಸಿ, ಕಣ್ಣು ನೋಡಿ, ತೂಕ ಮಾಡಿಸಿ, ತಿನ್ನಲು ಯೋಗ್ಯ ಎಂದು ಸಹಿ ಹಾಕುವವಳು ನಾನು. ನಮ್ಮ ಮನೆಯಲ್ಲಿ ಆಯಿ ಒಲೆ ಹೊತ್ತಿಸುವ ಮುಂಚೆ ಸೌದೆಯನ್ನು ನೆಲಕ್ಕೆ ಕುಟ್ಟಿ ಇರುವೆ ಉದುರಿಸುತ್ತಿದ್ದಳು. "ಏನ ಕೆಲಸ ಮಾಡತೀವಾ ಅಲ್ಲಿ?" ಎಂದು ಫೋನಿನಲ್ಲಿ ಕೇಳಿದರೆ "ಅಕ್ಕಿ, ಬ್ಯಾಳಿ, ಸಕ್ಕರಿ ಕಳಸತೇನಿ ಆಯಿ" ಎನ್ನುತ್ತಿದ್ದೆ. ಅದೂ ಖರೆಯೇ.

ನಾನು ಇಲ್ಲಿ ಕೂತು ಎಂ.ಬಿ.ಎ. ಓದಲು ಹೊರಟದ್ದಕ್ಕೆ ಕಾರಣ ಸರಳವಾಗಿದೆ. ನಮ್ಮ ವಿಭಾಗದಲ್ಲಿ ಹೆಂಗಸರಿಗೆ ಕಾಯಂ ನೌಕರಿ ಇಲ್ಲ. ಅವಧಿ ಮುಗಿದ ದಿನ ಸೆಲ್ಯೂಟ್ ಹೊಡೆದು ಕಳಿಸುತ್ತಾರೆ, ಪಿಂಚಣಿ ಇಲ್ಲ. ನನ್ನ ಅವಧಿ ಮುಗಿಯುತ್ತ ಬಂದಿತ್ತು. ಕಸಿ ಕಟ್ಟುವ ಕೈ ಜಡ್ಡುಗಟ್ಟಿ ಎಷ್ಟೋ ವರ್ಷವಾಗಿತ್ತು. ಊರಿಗೆ ಹೋದರೆ ಮೂಡಲಗಿಯ ಕಾಕಿ, ಎಂದರೆ ಚಿಕ್ಕಪ್ಪನ ಹೆಂಡತಿ, ನನಗಾಗಿ ಒಬ್ಬ ಎರಡನೇ ಸಂಬಂಧದವನನ್ನು ನೋಡಿಟ್ಟಿದ್ದಳು. ಎಲ್ಲಿ ಇರಬೇಕು, ಹೇಗೆ ಇರಬೇಕು ಎಂದು ನಾನೇ ಹೇಳಬೇಕಾದರೆ ಕೈಯಲ್ಲೊಂದು ಪದವಿ ಬೇಕಿತ್ತು. ಇಂಟರ್‌ನೆಟ್ ಮೂಲಕ ಪಾಠ ಹೇಳುವ ಒಂದು ವಿಶ್ವವಿದ್ಯಾಲಯ ಸಿಕ್ಕಿತು, ದಾಸ್ತಾನು ಮತ್ತು ಸರಕು ಸಾಗಣೆಯ ವಿಷಯ. ನಾನು ದಿನಾ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೇಳುತ್ತಿದ್ದರು.

ಮನೆಯಲ್ಲೇ ಕೂತು ಓದಬಹುದು ಎಂದು ಅವರ ಜಾಹೀರಾತಿನಲ್ಲಿತ್ತು. ಯಾರ ಮನೆಯೋ. ಸೈನ್ಯದ ಶಿಬಿರದ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಜೋಡಿಸುವಂತಿಲ್ಲ, ಅದು ಅಪರಾಧ. ಕೆಳಗಿನ ಬಜಾರದಲ್ಲಿ ಫೋನ್ ಬೂತ್ ಇಟ್ಟಿದ್ದ ಮಾರವಾಡಿಯೊಬ್ಬ ಎರಡು ಕಂಪ್ಯೂಟರ್ ಹಾಕಿದ್ದ. ಅಲ್ಲಿಗೆ ಹೋಗಬೇಕಾದರೆ ಪರವಾನಗಿ ಬೇಕು, ಜೊತೆಗೆ ಬಂದೂಕು ಹಿಡಿದ ಜವಾನ ಬೇಕು. ಅರಭಾವಿಗೆ ಹೋಗುವಾಗ ಬಸ್ಸಿನಲ್ಲಿ ಜಾಗ ಹಿಡಿಯಲು ಕಿಟಕಿಯಿಂದ ಚೀಲ ಎಸೆಯುತ್ತಿದ್ದೆ. ಇಲ್ಲಿ ಜವಾನ ಅಂಗಡಿಯ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರೆ ಗಿರಾಕಿಗಳು ತಾವಾಗಿಯೇ ಎದ್ದು ಹೋಗುತ್ತಿದ್ದರು. ಅದು ನನಗೆ ಖುಷಿಯ ವಿಷಯವಾಗಿರಲಿಲ್ಲ. ಆ ಜನ ನನ್ನನ್ನು ನೋಡುವ ರೀತಿಯಲ್ಲಿ ಭಯವಿತ್ತು, ಭಯದ ಕೆಳಗೆ ಸಿಟ್ಟಿತ್ತು. ಪಾಠದ ಒಂದು ಪುಟ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮಾರವಾಡಿ ಜನರೇಟರ್ ಹಗ್ಗ ಜಗ್ಗುತ್ತಿದ್ದ, ನಾನು ಮೊದಲಿನಿಂದ ಶುರು ಮಾಡುತ್ತಿದ್ದೆ. ಸಹಪಾಠಿಗಳು ಪರದೆಯ ಮೇಲಿನ ಹೆಸರುಗಳಷ್ಟೆ. ಉತ್ತರ ತಡವಾಯಿತೆಂದು ಒಬ್ಬಳು ಒಮ್ಮೆ ನನ್ನನ್ನು ಸೋಮಾರಿ ಎಂದು ಬರೆದಳು. ಆ ವಾರ ನಮ್ಮ ಸಾಮಾನಿನ ಲಾರಿಯೊಂದು ಕಮರಿಗೆ ಬಿದ್ದಿತ್ತು, ಅದರಲ್ಲಿ ಸತ್ತವರ ಸಾಮಾನು ಕಟ್ಟಿ ಅವರವರ ಊರಿಗೆ ಕಳಿಸುವುದರಲ್ಲಿ ನಾನಿದ್ದೆ. ಏನಂತ ಬರೆಯಲಿ? ಕ್ಷಮಿಸಿ ಎಂದು ಬರೆದೆ.

ಪಾಠ ಇಂಟರ್‌ನೆಟ್ಟಿನಲ್ಲಿ, ಆದರೆ ಕೊನೆಯ ಪರೀಕ್ಷೆಗೆ ಮಾತ್ರ ಗುವಾಹಟಿಯ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಒಂದು ಸಲ ರಸ್ತೆ ಕುಸಿಯಿತು, ಹೋಗಲಾಗಲಿಲ್ಲ. ಇನ್ನೊಂದು ಸಲ ಎಲ್ಲರ ರಜೆಯೂ ರದ್ದಾಯಿತು. ಇನ್ನು ಉಳಿದಿದ್ದು ಒಂದೇ ಅವಕಾಶ. ಇದೂ ತಪ್ಪಿದರೆ ನೋಂದಣಿ ರದ್ದು, ಬರೆದು ಪಾಸಾದದ್ದೆಲ್ಲ ನೀರಿಗೆ. ಆ ಪರೀಕ್ಷೆಗಾಗಿ ರಜೆ ಉಳಿಸಿಕೊಂಡು, ಊರಿಗೂ ಹೋಗದೆ ಕಾದು ಕೂತಿದ್ದೆ.

ಹೊರಡುವ ಮುಂಚಿನ ಭಾನುವಾರ ಬಜಾರದ ಬೂತಿನಿಂದ ಮೂಡಲಗಿಗೆ ಫೋನು ಮಾಡಿದೆ. ಅಲ್ಲಿ ನಮ್ಮ ಕಾಕಾನ ಬಟ್ಟೆ ಅಂಗಡಿ ಇದೆ. ಕಾಕಾ ಬಹಳ ಹೊತ್ತು ಅದೂ ಇದೂ ಮಾತಾಡಿದ. ಆಮೇಲೆ ಹೇಳಿದ.

"ಆಯಿ ವ್ರತಾ ತಗೊಂಡಾಳವಾ. ಬಸದಿಯೊಳಗ ಅದಾಳ. ಈಗ ಮಜ್ಜಿಗಿನೂ ಬಿಟ್ಟಾಳ, ಬರೇ ನೀರ."

ನಮ್ಮಲ್ಲಿ ಸಲ್ಲೇಖನ ಎನ್ನುತ್ತಾರೆ. ವಯಸ್ಸಾಗಿ, ದೇಹ ಸೋತು, ಇನ್ನು ಸಾಕು ಎನಿಸಿದವರು ಗುರುಗಳ ಅಪ್ಪಣೆ ಪಡೆದು ಒಂದೊಂದೇ ಆಹಾರ ಬಿಡುತ್ತ ಸಾವಿಗೆ ಎದುರಾಗಿ ಹೋಗುವ ವ್ರತ. ಊರಲ್ಲಿದ್ದಾಗ ಬೇರೆಯವರ ಮನೆಯಲ್ಲಿ ಕೇಳಿದ್ದೆ, ಕೈಮುಗಿದು ಬಂದಿದ್ದೆ. ನಮ್ಮ ಆಯಿ ಎಂದಾಗ ಅದು ಬೇರೆ ಮಾತಾಯಿತು.

"ನಾ ಬರಲೇನ ಕಾಕಾ?"

"ಬಾ ಅಂತ ನಾ ಹೇಳಂಗಿಲ್ಲ. ಬ್ಯಾಡ ಅಂತನೂ ಹೇಳಂಗಿಲ್ಲ. ನಿನ್ನ ಪರೀಕ್ಷಾದ್ದು ನಂಗ ಗೊತ್ತೈತಿ."

ಮರುದಿನ ನಮ್ಮ ಮೇಲಧಿಕಾರಿಯ ಮುಂದೆ ನಿಂತೆ. ಪಂಜಾಬದವರು, ಕೆಟ್ಟವರಲ್ಲ. ರಜೆ ಒಂದೇ ಇದೆ, ಜನ ಕಡಿಮೆ, ಮತ್ತೊಂದು ಕೊಡಲಾಗುವುದಿಲ್ಲ ಎಂದರು. ಪೆನ್ನಿನ ಟೋಪಿ ತೆಗೆದು ಹಿಡಿದುಕೊಂಡು, "ಎಲ್ಲಿಗೆ ಅಂತ ಬರೆಯಲಿ, ನೀವೇ ಹೇಳಿ" ಎಂದು ಕಾದರು. ಹುಕ್ಕೇರಿ ಎಂದೆ. ಯೋಚಿಸಿ ಹೇಳಿದ್ದಲ್ಲ. ಅದಕ್ಕಿಂತ ಬೇರೆ ಮಾತು ಬಾಯಿಗೆ ಬರಲಿಲ್ಲ. ಅವರು ಕಾಗುಣಿತ ಕೇಳಿ ಬರೆದುಕೊಂಡರು.

ಜೀಪು, ಬ್ರಹ್ಮಪುತ್ರ ದಾಟಲು ಜೀಪನ್ನೇ ಏರಿಸಿಕೊಳ್ಳುವ ದೋಣಿ, ಆಮೇಲೆ ರೈಲಿನ ಮೇಲೆ ರೈಲು. ಗುವಾಹಟಿ ಸ್ಟೇಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಪರೀಕ್ಷೆಗೆಂದು ಬಂದಿದ್ದರೆ ಅಲ್ಲೇ ಇಳಿಯಬೇಕಿತ್ತು. ನಾನು ಕಿಟಕಿಯ ಪರದೆ ಎಳೆದುಕೊಂಡು ಕೂತೆ. ದಾರಿಯುದ್ದಕ್ಕೂ ಒಂದೇ ಜಪ: ನಾನು ಹೋಗುವವರೆಗೆ ಅವಳಿರಲಿ. ಅವಳ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ನನ್ನ ಕೈಯಿಂದ ಗುಟುಕು ನೀರು ಕೊಡಬೇಕು ಎಂದೆಲ್ಲ ಅಂದುಕೊಳ್ಳುತ್ತ ಬಂದೆ.

ಘಟಪ್ರಭಾ ಸ್ಟೇಷನ್ನಿಗೆ ಕಾಕಾ ಬಂದಿದ್ದ. ಅಲ್ಲಿಂದ ಹುಕ್ಕೇರಿಗೆ ಜೀಪಿನಲ್ಲಿ ಹೊರಟೆವು. ಊರು ಹತ್ತಿರ ಬಂದಾಗ ಹೇಳಿದ:

"ಆಯಿ ಎಲ್ಲಾರಿಗೂ ಕ್ಷಮಾ ಕೇಳಿ ಮುಗಸ್ಯಾಳ. ನೀ ಇರಲಿಲ್ಲ, ಆದ್ರೂ ನಿನ್ನ ಹೆಸರ ಹಿಡದ ಕೇಳಿದ್ಳು."

ನನ್ನ ಹೆಸರು ಹಿಡಿದಳಲ್ಲ ಎಂದು ನನಗೆ ಸಮಾಧಾನವಾಯಿತು. ಆ ಮಾತಿನ ಅರ್ಥ ಆಗ ತಲೆಗೆ ಹೋಗಲಿಲ್ಲ. ಊರಲ್ಲೇ ಇದ್ದಿದ್ದರೆ ಹೋಗುತ್ತಿತ್ತು.

ಬಸದಿಯ ಪಕ್ಕದ ಪಡಸಾಲೆಯಲ್ಲಿ ಚಾಪೆಯ ಮೇಲೆ ಬಿಳಿ ಸೀರೆಯಲ್ಲಿ ಮಲಗಿದ್ದಳು. ಇಷ್ಟು ಸಣ್ಣವಳಾಗಿದ್ದಳೇ ನಮ್ಮ ಆಯಿ? ತಲೆಯ ಬಳಿ ಸನ್ಯಾಸಿನಿಯೊಬ್ಬರು ಕೂತು ಮೆಲ್ಲಗೆ ಣಮೋಕಾರ ಮಂತ್ರ ಹೇಳುತ್ತಿದ್ದರು. ಹೆಂಗಸರು ಸಾಲಾಗಿ ಬಂದು ದೂರದಿಂದ ಕೈಮುಗಿದು ಹೋಗುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ನಾನು ಸಾಲು ಬಿಟ್ಟು ನೇರ ಹೋಗಿ ಅವಳ ಕಾಲು ಹಿಡಿದೆ. ಹಿಡಿದದ್ದೇ ತಡ, ಅಳು ಬಂತು.

ಸನ್ಯಾಸಿನಿ ಮಂತ್ರ ನಿಲ್ಲಿಸದೆ ಕೈಯೆತ್ತಿ ಬೇಡ ಎಂದರು. ಆಯಿ ಕಣ್ಣು ತೆರೆದಳು. ಗುರುತು ಹತ್ತಿತು, ಅದರಲ್ಲಿ ಅನುಮಾನವಿಲ್ಲ.

"ಪರೀಕ್ಷಾ ಇತ್ತಲ್ಲ ನಿಂದು?"

"ಬಿಟ್ಟ ಬಂದೆ ಆಯಿ."

ಅವಳು ಕಣ್ಣು ಮುಚ್ಚಿದಳು. ಮತ್ತೆ ಮಲಗಿದಳೆಂದು ಕಾಲು ಒತ್ತತೊಡಗಿದೆ. ಆಗ ಕಾಲನ್ನು ನಿಧಾನವಾಗಿ, ಬಹಳ ಕಷ್ಟಪಟ್ಟು, ನನ್ನ ಕೈಯಿಂದ ಎಳೆದುಕೊಂಡಳು.

"ನಿಂದು ನೀ ಬಿಟ್ಟಿ. ನಂದಾದ್ರೂ ನಂಗ ಮುಗಸಾಕ ಬಿಡು. ಆಯಿ ಅನಬ್ಯಾಡ ಇನ್ನ. ಹೊರಗ ಹೋಗಿ ಎಲ್ಲಾರ ಸಂಗಟ ಕುಂಡ್ರ."

ವ್ರತ ತೆಗೆದುಕೊಂಡವರು ಅನ್ನ ಬಿಡುವ ಮುಂಚೆ ಮೋಹ ಬಿಡುತ್ತಾರೆ. ಮಗ, ಮೊಮ್ಮಗಳು, ನನ್ನವರು ಎಂಬುದೆಲ್ಲ ಕ್ಷಮೆ ಕೇಳಿದ ದಿನವೇ ಮುಗಿಯುತ್ತದೆ. ಮನೆಯವರು ಹತ್ತಿರ ಹೋಗಿ ಅತ್ತರೆ ಅವರನ್ನು ಹಿಂದಕ್ಕೆ ಜಗ್ಗಿದಂತೆ. ಇದು ನಮ್ಮ ಊರಿನ ಸಣ್ಣ ಹುಡುಗಿಗೂ ಗೊತ್ತಿರುವ ಮಾತು. ಬಿದಿರಿನ ಗೋಡೆಯೊಳಗೆ ಕೂತು ನಾನು ಊಟದ ಹೊತ್ತನ್ನು ಬಿಗಿಯಾಗಿ ಹಿಡಿದುಕೊಂಡು, ಅಷ್ಟರಿಂದಲೇ ಊರಿನವಳಾಗಿ ಉಳಿದಿದ್ದೇನೆ ಎಂದುಕೊಂಡಿದ್ದೆ. ಬೇರೆಯದೆಲ್ಲ ಯಾವಾಗಲೋ ಉದುರಿಹೋಗಿತ್ತು.

ಇದನ್ನು ಬರೆಯುತ್ತಿರುವುದು ಮತ್ತೆ ಬಾಶಾಕ್ಕೆ ಬಂದು. ಆಯಿ ತನ್ನ ವ್ರತ ಮುಗಿಸಿ ಹೋದಳು. ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಸ್ವಲ್ಪ ದಿನಕ್ಕೆ ಸಮವಸ್ತ್ರವೂ ಇರುವುದಿಲ್ಲ. ಹುಕ್ಕೇರಿಗೆ ಬಾ ಎಂದು ಕಾಕಾ ಫೋನಿನಲ್ಲಿ ಹೇಳುತ್ತಾನೆ. ಬರುತ್ತೇನೆ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಬಾಯಿ ಯಾಕೆ ಬರುತ್ತಿಲ್ಲ ಎಂದು ಹೇಳಬೇಕಾದರೆ ಅವತ್ತಿನದನ್ನೇ ಪೂರ್ತಿ ಹೇಳಬೇಕು.

ಆಯಿ ಹೇಳಿದಂತೆ ನಾನು ಎದ್ದು ಹೊರಗೆ ಬಂದೆ. ಕಣ್ಣೊರೆಸಿಕೊಂಡೆ. ಕಟ್ಟೆಯ ಮೇಲೆ ಹತ್ತರಗಿಯಿಂದ, ಘೋಡಗೇರಿಯಿಂದ ಟೆಂಪೋ ಮಾಡಿಕೊಂಡು ಬಂದ ಜನ ಕೂತಿದ್ದರು. ಪಡಸಾಲೆಯೊಳಗಿನಿಂದ ಮಂತ್ರ ಕೇಳುತ್ತಿತ್ತು. ನಾನು ಕಂಬಕ್ಕೆ ಒರಗಿ ನಿಂತದ್ದನ್ನು ನೋಡಿ, ವಯಸ್ಸಾದ ಹೆಂಗಸೊಬ್ಬಳು ಕೇಳಿದಳು:

"ಒಳಗಿದ್ದ ಅಜ್ಜಿ ನಿಮಗ ಏನಾಗಬೇಕ್ರಿ?"

ಆಯಿ ಎಂದು ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಒಳಗಿದ್ದವಳು ಕೇಳಿದ್ದು ಅಷ್ಟನ್ನೇ ಅಲ್ಲವೇ.

"ಏನೂ ಆಗಬೇಕಿಲ್ರಿ. ದರ್ಶನಕ್ಕ ಬಂದೇನಿ."

"ಭಾಳ ದೂರದಿಂದ ಬಂದಂಗ ಕಾಣತೈತಿ."

"ಹೌಂದ್ರಿ," ಎಂದೆ. "ಭಾಳ ದೂರ."

ಆಕೆ ಸರಿದು ಕೂತು, ತನ್ನ ಚಾಪೆಯ ಅರ್ಧ ನನಗೆ ಬಿಟ್ಟುಕೊಟ್ಟಳು.

"ಬರ್ರಿ, ಕುಂಡ್ರಿ. ನಾವೇನ ಇಲ್ಲೇ ಬಾಜೂ ಊರವರು. ದೂರದವರಿಗೆ ಮದಲ ಜಾಗಾ ಆಗಬೇಕ್ರಿ."