ಅಕ್ಕುವಿಗೆ ನೂರಕ್ಕೆ ಮೂರು

ಬೆಳಿಗ್ಗೆ ಅಲ್ ಸದ್ದ್‌ನ ಫ್ಲ್ಯಾಟುಗಳಿಂದ ಕಂಪೆನಿಯವರನ್ನು ವ್ಯಾನಿನಲ್ಲಿ ಲುಸೈಲ್‌ನ ಆಫೀಸಿಗೆ ತಲುಪಿಸುವುದು, ಸಂಜೆ ಮರಳಿ ತರುವುದು, ಇದು ಗಲ್ಫಿನಲ್ಲಿ ತನಿಯನ ಕೆಲಸ. ನಡುವಿನ ಹೊತ್ತೆಲ್ಲ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಈಚೆಗೆ ಆ ಹೊತ್ತನ್ನು ಊರಿನ ವಿಧಾನಸಭೆ ಚುನಾವಣೆ ತಿಂದುಹಾಕಿತ್ತು. ಅಲ್ಲಿ ಅವನ ಅಕ್ಕ ನಿಂತಿದ್ದಳು.

ಅಕ್ಕು ಬೀಡಿ ಕಟ್ಟುವವಳು. ಕಾರ್ಮಿಕರ ಮೆರವಣಿಗೆಗಳಲ್ಲಿ ಮುಂದೆ ನಡೆದು ನಡೆದು ಒಂದು ದಿನ ಅಭ್ಯರ್ಥಿಯೇ ಆಗಿಬಿಟ್ಟಳು. ಬೇರೆ ಯಾರೂ ಒಪ್ಪಲಿಲ್ಲ ಎಂಬುದೂ ನಿಜ. ಆ ಕ್ಷೇತ್ರದಲ್ಲಿ ಎದುರು ಪಕ್ಷದವರು ಲೈಟುಕಂಬ ನಿಲ್ಲಿಸಿದರೂ ಗೆಲ್ಲುತ್ತದೆ. ಹಾಗಾಗಿ ಊರ ಹೋಟೆಲುಗಳಲ್ಲಿ ಯಾರು ಗೆಲ್ಲುತ್ತಾರೆಂದು ಬಾಜಿ ಕಟ್ಟುವುದಿಲ್ಲ. ಎಷ್ಟು ಸಾವಿರದ ಲೀಡು ಎಂಬುದರ ಮೇಲೆ ಕಟ್ಟುತ್ತಾರೆ. ತನಿಯನಿಗೆ ಗೊತ್ತಿದ್ದ ಲೆಕ್ಕವೂ ಅದೇ. ಚುನಾವಣೆಯ ಅಂಕಿ ಎಂದರೆ ಓಟು.

ಒಂದು ಬೆಳಿಗ್ಗೆ ಲುಸೈಲ್‌ನಲ್ಲಿ ವ್ಯಾನಿನಿಂದ ಇಳಿಯುವ ಮೊದಲು ಅಕೌಂಟ್ಸ್‌ನ ರಿತೇಶ್ ಮೊಬೈಲಿನಲ್ಲಿ ಒಂದು ವಿದೇಶಿ ಸೈಟು ತೋರಿಸಿದ. ಎದುರಾಳಿಯ ಹೆಸರಿನ ಮುಂದೆ ತೊಂಬತ್ತೇಳು. ಅಕ್ಕುವಿನ ಹೆಸರಿನ ಮುಂದೆ ಮೂರು.

“ಎಂತ ಮಾರ್ರೆ ಇದು?”

“ಚುನಾವಣೆಯ ಮಾರ್ಕೆಟ್, ತನಿಯಣ್ಣ. ಲೋಕದ ಯಾವ್ಯಾವುದೋ ಮೂಲೆಯವರು ದುಡ್ಡು ಹಾಕ್ತಾರೆ. ನಾನು ನೋಡುವುದು ಮಾತ್ರ. ಇಲ್ಲಿ ಕೂತು ಆಡಿದ್ರೆ ಜೈಲು, ಖಲಾಸ್!” ರಿತೇಶ್ ನಗುತ್ತ ಲಿಫ್ಟಿನ ಕಡೆಗೆ ಓಡಿದ.

ತನಿಯನಿಗೆ ನಗು ಬರಲಿಲ್ಲ. ನೂರು ಜನರಲ್ಲಿ ಮೂರೇ ಓಟು! ಠೇವಣಿ ಹೋದರೆ ಹೋಗಲಿ, ಅಕ್ಕನ ಮಾನ? ನಾಮಪತ್ರ ಹಿಂದೆ ತೆಗೆಯಲು ಅಂದೇ ಕೊನೆ, ಊರಿನ ಮೂರು ಗಂಟೆಯವರೆಗೆ. ಕೂಡಲೇ ಹೊರಗೆ ಬಂದು ಫೋನು ಮಾಡಿದ.

“ಅಕ್ಕ, ಲೋಕಕ್ಕೆಲ್ಲ ಗೊತ್ತಾಗಿ ಹೋಗಿದೆ. ನಿನಗೆ ಓಟು ಹಾಕುವವರು ನೂರಕ್ಕೆ ಮೂರು ಜನ ಅಂತೆ. ಬೇಡ, ವಾಪಸ್ ತೆಗಿ.”

ಅಕ್ಕು, “ಆಯ್ತು, ತಾಲೂಕು ಆಫೀಸಿಗೆ ಹೋಗ್ತೇನೆ,” ಎಂದಳು.

ಮಧ್ಯಾಹ್ನ ರಿತೇಶ್ ಊಟದ ಡಬ್ಬಿ ಹಿಡಿದು ವ್ಯಾನಿಗೇ ಬಂದ. ಕತೆ ಕೇಳಿದ ಮೇಲೆ ಅವನ ಕೈಯ ತುತ್ತು ಅಲ್ಲೇ ನಿಂತಿತು.

“ಅಯ್ಯೋ ತನಿಯಣ್ಣ! ಅದು ಓಟಲ್ಲ, ಗೆಲ್ಲುವ ಸಾಧ್ಯತೆ. ಅಕ್ಕನಿಗೆ ನೂರರಲ್ಲಿ ನಲವತ್ತು ಓಟು ಬಿದ್ರೂ ಅಲ್ಲಿ ಮೂರೇ ಇರಬಹುದು.”

“ನಲವತ್ತು ಜನ ಸೇರಿ ಮೂರು ಆಗುವುದು ಹೇಗೆ?”

“ನಲವತ್ತು ಬಿದ್ರೂ ಸೋಲು ಸೋಲೇ ಅಲ್ವಾ? ಸೋಲುವುದು ಹೆಚ್ಚುಕಡಿಮೆ ಗ್ಯಾರಂಟಿ ಅಂತಷ್ಟೇ ಅದು ಹೇಳುವುದು. ಎಷ್ಟು ಓಟಿನಿಂದ ಅಂತ ಹೇಳುವುದಿಲ್ಲ.”

ತನಿಯನಿಗೆ ಅರ್ಧ ತಿಳಿಯಿತು, ಅರ್ಧ ಕಲಸಿಹೋಯಿತು. ಯಾರೂ ಹೇಳದ ಮಾತನ್ನು ಲೋಕದ ಹೆಸರಿನಲ್ಲಿ ಅಕ್ಕನಿಗೆ ಹೇಳಿಬಿಟ್ಟಿದ್ದ. ಇಲ್ಲಿ ಹನ್ನೆರಡೂವರೆ ಎಂದರೆ ಊರಿನಲ್ಲಿ ಮೂರು. ಅದಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಸಿಗ್ನಲ್‌ಗಾಗಿ ಪಾರ್ಕಿಂಗಿನ ಇಳಿಜಾರು ಹತ್ತಿ ಬಿಸಿಲಿಗೆ ಓಡಿದ. ಫೋನು ರಿಂಗಾಯಿತು, ನಿಂತಿತು. ಮತ್ತೆ ಮಾಡಿದ. ಮತ್ತೆಯೂ ಮಾಡಿದ. ಅಕ್ಕು ಎತ್ತಲಿಲ್ಲ. ಹೊತ್ತು ಮೀರಿತು. ಸುಡುವ ಗಾಜಿನ ಕಟ್ಟಡದ ಬುಡದಲ್ಲಿ ಅವನು ಫೋನನ್ನೇ ನೋಡುತ್ತ ನಿಂತ.

ಕಡೆಗೆ ಅವಳೇ ಕರೆದಳು.

“ಒಳಗೆ ಹೋಗುವಾಗ ಪೊಲೀಸರು ಫೋನು ಇಸ್ಕೊಂಡಿದ್ರು ಮಾರಾಯ.”

“ತೆಗೆದುಬಿಟ್ಟೆಯಾ ಅಕ್ಕ?”

“ಪೆನ್ನು ಹಿಡಿದದ್ದು ಹೌದು. ಆಗ ಲೆಕ್ಕ ಹಾಕಿದೆ. ನಮ್ಮಲ್ಲಿ ಎರಡು ಲಕ್ಷ ಓಟು ಉಂಟಲ್ಲ? ನೂರಕ್ಕೆ ಮೂರು ಅಂದ್ರೆ ಆರು ಸಾವಿರ ಜನ! ನನಗೆ ಗುರುತಿರುವುದು ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಬರುವ ಹೆಂಗಸರದ್ದು ಮಾತ್ರ. ಉಳಿದವರೆಲ್ಲ ಯಾರು? ಮುಖ ಕಾಣದವರು ಅಷ್ಟು ಜನ ನಂಬಿದ ಮೇಲೆ ಓಡಿ ಬಂದ್ರೆ ನಾನು ಮನುಷ್ಯಳಾ? ಪೆನ್ನು ಅಲ್ಲೇ ಇಟ್ಟು ಬಂದೆ.”

“ಅಕ್ಕ, ಆ ಮೂರು ಉಂಟಲ್ಲ…” ತನಿಯ ಹೇಳತೊಡಗಿ ತಡವರಿಸಿದ. ಆ ಆರು ಸಾವಿರ ಇಲ್ಲವೇ ಇಲ್ಲ ಎನ್ನಬೇಕೆ? ಅದರ ಹತ್ತರಷ್ಟು ಇರಲೂಬಹುದು ಎನ್ನಬೇಕೆ? ಎರಡರಲ್ಲಿ ಯಾವುದು ಸುಳ್ಳು ಎಂಬುದೇ ಅವನಿಗೆ ಹೊಳೆಯಲಿಲ್ಲ.

“ಅದು ಬಿಡು. ಅವರಲ್ಲಿ ನೀನು ಉಂಟಾ, ಇಲ್ವಾ?”

ಮತದಾರರ ಪಟ್ಟಿಯಲ್ಲಿ ಅವನ ಹೆಸರು ಈಗಲೂ ಇತ್ತು. ಹೇಗೂ ಸೋಲುವ ಚುನಾವಣೆಗೆ ತನ್ನೊಂದು ಓಟಿನಿಂದ ಏನಾದೀತು ಎಂದು ಊರಿಗೆ ಹೋಗುವ ಯೋಚನೆಯನ್ನೇ ಮಾಡಿರಲಿಲ್ಲ. ಏನಾದೀತು ಎಂಬುದು ಈಗಲೂ ತಿಳಿಯಲಿಲ್ಲ.

“ರಜೆ ಕೇಳ್ತೇನೆ ಅಕ್ಕ,” ಎಂದ.