ಮೆಲುದನಿಗೆ ಹೊಂದಿಸಿದ ಮೈಕು

ಸಭೆಗೆ ಮುನ್ನ ‘ಹಲೋ, ಹಲೋ’ ಎಂದು ಮೈಕು ಪರೀಕ್ಷಿಸುವ ದನಿ ಹೆಣ್ಣುಮಗಳೊಬ್ಬಳದಾಗಿದ್ದುದನ್ನು ನೀವು ಎಂದಾದರೂ ಕೇಳಿದ್ದೀರಾ? ತೊಂಬತ್ತರ ದಶಕದ ಒಂದು ಮಧ್ಯಾಹ್ನದವರೆಗೆ ನಾನೂ ಕೇಳಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಶಾಲೆಗಳ ಪಕ್ಕದ ಸಾರಾಯಿ ಅಂಗಡಿಗಳನ್ನು ತೆಗೆಸಬೇಕೆಂದು ನಾವು ಕೆಲವರು ಊರೂರಿನಲ್ಲಿ ಸಭೆ ನಡೆಸುತ್ತಿದ್ದ ಕಾಲವದು. ಕುಡಿತದಿಂದ ನೊಂದ ಮನೆಗಳಿಂದ ವೇದಿಕೆಗೆ ಬರಲು ಒಪ್ಪಿದ್ದವರು ಒಬ್ಬರೇ, ಕೂಲಿ ಕೆಲಸದ ಒಬ್ಬ ಹೆಣ್ಣುಮಗಳು. ಉಮ್ಮತ್ತೂರಿನಲ್ಲಿ ಅವರು ಮೊದಲ ಸಲ ಮಾತನಾಡಲು ನಿಂತರು. ದನಿ ಮೆಲ್ಲಗಿದೆಯೆಂದು ಮೈಕ್‌ಸೆಟ್ಟಿನವರು ವಾಲ್ಯೂಮ್ ಏರಿಸಿದರು. ವೇದಿಕೆಯ ಹಿಂದೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನುಗಳ ಸದ್ದು ಮರಳಿ ಮೈಕನ್ನೇ ಹೊಕ್ಕು ಕುಂಯ್ ಎಂದು ಕಿರುಚಿತು. ಜನ ನಕ್ಕರು. ಆಕೆ ಎರಡೇ ಮಾತಾಡಿ ವೇದಿಕೆಯಿಂದ ಇಳಿದುಬಂದರು. ಕಾಲೇಜಿನ ಚರ್ಚಾಸ್ಪರ್ಧೆಗಳನ್ನು ಗಂಟಲಿನ ಬಲದಿಂದಲೂ ಗೆದ್ದಿದ್ದ ನಾನು, ಇನ್ನಷ್ಟು ಗಟ್ಟಿಯಾಗಿ ಮಾತನಾಡಬೇಕೆಂದು ಅವರಿಗೇ ಉಪದೇಶಿಸಿದೆ.

“ನನ್ ಗಂಟ್ಲು ಇರಾದೇ ಇಷ್ಟು ಕಣಣ್ಣ. ಭೀಮನಬೀಡಲ್ಲಿ ಇನ್ನೊಂದ್ಸಲ ನಿಂತ್ಕೋತೀನಿ. ಅಲ್ಲೂ ನಗಾಡುದ್ರೆ ಮೈಕ್ ತಾವ್ಕೆ ಇನ್ ಬರಾಕಿಲ್ಲ” ಎಂದರು.

ಭೀಮನಬೀಡಿನ ಆ ಮಧ್ಯಾಹ್ನ ನನಗೆ ಇಂದಿಗೂ ನಿದ್ದೆಯ ಅಂಚಿನಲ್ಲಿ ಕಂಡದ್ದರಂತಿದೆ. ಪಕ್ಕದ ಹೊಲದ ಅರಿಸಿನದ ಎಲೆಗಳ ಮೇಲೆ ಬಿಸಿಲು ಕದಲದೆ ನಿಂತಿತ್ತು. ಚಾಮರಾಜನಗರದಿಂದ ಬಂದಿದ್ದ ಅದೇ ಮೈಕ್‌ಸೆಟ್ಟಿನವರು ತಮ್ಮ ಭಾರಿ ದನಿಯಲ್ಲಿ ಒಂದು, ಎರಡು, ಮೂರು ಎಂದೆಣಿಸುತ್ತ ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸುತ್ತಿದ್ದರು. ಎಲ್ಲವೂ ಅವರ ಗಂಟಲಿಗೇ ಹೊಂದುತ್ತಿದೆಯೆಂಬುದು ಆಗ ನನಗೆ ಹೊಳೆಯಿತು.

“ಸಂಜೆ ಮಾತಾಡುವವರು ಇವರು. ಇವರ ದನಿಗೇ ಹೊಂದಿಸೋಣ” ಎಂದು ಆ ತಾಯಿಯನ್ನು ಮುಂದೆ ಕರೆದೆ.

“ಎಂಗುಸ್ರು ಬಾಯ್ಗೆ ಮೈಕು ಎದ್ರಕೋತದೆ ಸಾ” ಎಂದು ಮೈಕ್‌ಸೆಟ್ಟಿನವರು ನಕ್ಕರು.

“ಎದ್ರಕೊಳಕೆ ಅದೇನ್ ನನ್ ಗಂಡನಾ, ಅಣ್ಣೋ?” ಎಂದರು ಆಕೆ.

ಮೈಕ್‌ಸೆಟ್ಟಿನವರು ಸೋತು ಹಾರ್ನುಗಳ ಹಗ್ಗ ಬಿಚ್ಚಿದರು. ಹಾರ್ನುಗಳು ವೇದಿಕೆಯ ಹಿಂದಿನಿಂದ ಇಳಿದು, ಮೈಕಿಗಿಂತ ಬಹಳ ಮುಂದೆ, ಜನರತ್ತ ಮುಖ ಮಾಡಿ ನಿಂತವು. ಮೈಕು ಆಕೆಯ ತುಟಿಯ ಎತ್ತರಕ್ಕೆ ತಗ್ಗಿತು. “ಏನಾರ ಅಂತಿರಕ್ಕ” ಎನ್ನುತ್ತ ಮೈಕ್‌ಸೆಟ್ಟಿನವರು ಕೀರಲು ಸದ್ದಿನ ಗುಂಡಿಯಾದ ಟ್ರೆಬಲ್ ತುಸು ಇಳಿಸಿ, ವಾಲ್ಯೂಮನ್ನು ಕೂದಲೆಳೆಯಷ್ಟೇ ಏರಿಸುತ್ತ ಹೋದರು. ಏನು ಹೇಳಲೂ ತೋಚದೆ ಆಕೆ, ಪಕ್ಕದ ಮನೆಯ ಹುಲ್ಲುಮೆದೆಯಲ್ಲಿ ಮೊಟ್ಟೆಯಿಟ್ಟು ಬರುವ ತಮ್ಮ ಕೋಳಿಯ ದ್ರೋಹವನ್ನು ವಿವರಿಸತೊಡಗಿದರು.

ಕೇಳಿಸಿದರೆ ಟವೆಲ್ ಬೀಸುತ್ತೇನೆಂದು ಹೇಳಿ, ಕೇಳಿಸುವ ದೂರವನ್ನು ಅಳೆಯಲು ನಾನು ಹೊಲದಂಚಿನವರೆಗೂ ನಡೆದೆ. ಮಾತು ತನ್ನ ಒಡತಿಯನ್ನು ಹಿಂದೆ ಬಿಟ್ಟು, ತುಸು ತಡವಾಗಿ, ಎಲೆಗಳ ಮೇಲೆ ತೇಲುತ್ತ ನನ್ನ ಬಳಿಗೆ ಬಂತು. ಆ ಕೋಳಿ ಯಾವುದೋ ಬೇರೆಯ, ಮೆಲ್ಲಗಿನ ಲೋಕದಲ್ಲಿ ನಡೆದಾಡುತ್ತಿದೆಯೆನಿಸಿ ನಾನು ಟವೆಲ್ ಬೀಸುವುದನ್ನೇ ಮರೆತೆ. ಹಾರ್ನು ಸಣ್ಣಗೆ ಗುಂಯ್‌ಗುಟ್ಟಿದೊಡನೆ ಮೈಕ್‌ಸೆಟ್ಟಿನವರು ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಂದು, ಅಲ್ಲಿಗೇ ಸೀಮೆಸುಣ್ಣದ ಗೆರೆ ಎಳೆದರು.

ಸಂಜೆ ಆಕೆ ಕೂಗಲಿಲ್ಲ. “ಅಂಗ್ಡಿ ಮುಂದೆ ಅಪ್ಪಂದ್ರು ಬಿದ್ದಿರ್ತಾರೆ. ನಮ್ ಐಕ್ಳು ಅವ್ರುನ್ನ ದಾಟ್ಕೊಂಡು ಇಸ್ಕೂಲ್ಗೆ ಓಗ್ಬೇಕು” ಎಂದರು. ಕಟ್ಟಕಡೆಯ ಸಾಲಿನಲ್ಲಿ ನಿಂತಿದ್ದ ಗಂಡಸರು ತಲೆ ತಗ್ಗಿಸಿದರು. ಯಾರೂ ನಗಲಿಲ್ಲ. ಅಂಗಡಿ ಮರುದಿನವೇ ಮುಚ್ಚಿತೆಂದು ನಾನು ಹೇಳಲಾರೆ. ಆದರೆ ಇಳಿದುಬಂದ ಆಕೆ ನನ್ನನ್ನು ಕೇಳಿದ್ದು ಒಂದೇ: “ಗುಂಡ್ಲುಪೇಟೆ ಸಭೆ ಯಾವತ್ತಣ್ಣ?”

ಓದುಗರೇ, ನಿಮ್ಮ ಮುಂದಿನ ಸಭೆಗೆ ಮೈಕು ಕಟ್ಟಿಸಿದಾಗ, ಮಾತನಾಡಲಿರುವವರಲ್ಲಿ ಅತ್ಯಂತ ಮೆಲುದನಿಯವರನ್ನು ಒಂದು ಗಂಟೆ ಮೊದಲೇ ಕರೆಸಿ, ಅವರ ದನಿಗೆ ಅದನ್ನು ಹೊಂದಿಸಿ.